ಲಕೋಟೆಯ ಬೆನ್ನು ನೋಡುವ ಲವಾನ್

ಬೆಳಿಗ್ಗೆ ಆರು ಹತ್ತು. ಮಿಸೌರಿ ನದಿಯ ಕಡೆಯಿಂದ ಹೆಬ್ಬಾತುಗಳ ಗದ್ದಲ ಕೇಳುತ್ತಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಜ್ಯ ಸರ್ಕಾರದ ಪರ ವಾದಿಸುವ ಅಟಾರ್ನಿ ಜನರಲ್ ಕಚೇರಿಯ ಮೇಲ್ಮನವಿ ವಿಭಾಗದಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಲವಾನ್ ಬ್ರಾಸ್ ಎಂಬ ಐವತ್ತು ದಾಟಿದ ಮಹಿಳೆ, ಹೆಬ್ಬೆರಳಿಗೆ ರಬ್ಬರ್ ಟೊಪ್ಪಿಗೆ ಹಾಕಿಕೊಂಡು, ಕೆಳಗಿನ ಕೋರ್ಟಿನಿಂದ ಬಂದ ಮೂರು ಸಾವಿರ ಪುಟಗಳ ದಾಖಲೆಯನ್ನು ಒಂದೊಂದೇ ಹಾಳೆಯಾಗಿ ತಿರುವುತ್ತಿದ್ದಾರೆ. ನಾನು ಒಳಗೆ ಬಂದದ್ದು ಗೊತ್ತಾದರೂ ತಲೆ ಎತ್ತುವುದಿಲ್ಲ. ಎಡಗೈಯಲ್ಲಿ ಕುರ್ಚಿ ತೋರಿಸುತ್ತಾರೆ.

"ಒಂದ್ ನಿಮಿಷ ಇರಿ. ಎಂಟ್ನೂರ ಹನ್ನೊಂದಾದ ಮೇಲೆ ಎಂಟ್ನೂರ ಹದಿಮೂರು ಬಂದಿದೆ. ಹನ್ನೆರಡು ಎಲ್ಲಿ ಹಾಳಾಗ್ ಹೋಯ್ತು?"

ಹನ್ನೆರಡು ಎಲ್ಲೂ ಹೋಗಿಲ್ಲ, ಹನ್ನೊಂದಕ್ಕೆ ಅಂಟಿಕೊಂಡಿದೆ. ಅದನ್ನು ಉಗುರಿನಿಂದ ಬಿಡಿಸಿ ಜಾಗಕ್ಕೆ ಸೇರಿಸಿದ ಮೇಲೆಯೇ ಅವರು ನನ್ನ ಮುಖ ನೋಡಿ ನಗುವುದು. ಥರ್ಮಾಸಿನಿಂದ ನನಗೂ ಕಾಫಿ ಬಗ್ಗಿಸುತ್ತಾರೆ. ಕೇಳದೆಯೇ ಸಕ್ಕರೆ ಹಾಕಿಬಿಡುತ್ತಾರೆ. ಈ ಊರಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಬೇಡ ಎನ್ನಲು ನನಗಿನ್ನೂ ಧೈರ್ಯ ಬಂದಿಲ್ಲ.

ಇವತ್ತು ಗುರುವಾರ. ರಾಜ್ಯದ ಸುಪ್ರೀಂ ಕೋರ್ಟು ಒಂಬತ್ತು ಗಂಟೆಗೆ ತೀರ್ಪುಗಳನ್ನು ಹೊರಗೆ ಬಿಡುವ ದಿನ. ರಾಯ್ಸ್ ಟಿಮನ್ಸ್ ಎಂಬ ಕೈದಿಯ ಮೇಲ್ಮನವಿಯ ತೀರ್ಪು ಇವತ್ತು ಬರಬಹುದು ಎಂದು ಸುದ್ದಿ. ಟ್ರಾಕ್ಟರ್ ಅಂಗಡಿಗೆ ನುಗ್ಗಿ, ಕಾವಲುಗಾರನ ಕೈ ಮುರಿದ ಆರೋಪದ ಮೇಲೆ ಇಪ್ಪತ್ತು ವರ್ಷ ಶಿಕ್ಷೆಯಾದವನು. ಅವನ ವಿರುದ್ಧ ವಾದಿಸುವುದು ಲವಾನ್ ಅವರ ಕಚೇರಿ. ಆದರೂ ಅವನ ಮೇಲ್ಮನವಿ ಇಂದು ಐದು ಜನ ನ್ಯಾಯಾಧೀಶರ ಮುಂದೆ ಇರುವುದಕ್ಕೆ ಕಾರಣ ಇದೇ ಲವಾನ್. ಈ ವಿಚಿತ್ರವನ್ನು ಕೇಳಿ, ಪತ್ರಿಕೆಗೆ ಬರೆಯಲೆಂದೇ ನಾನು ಇಷ್ಟು ಬೇಗ ಎದ್ದು ಬಂದದ್ದು.

ಅವರ ಕೆಲಸಕ್ಕೆ ಪ್ಯಾರಾಲೀಗಲ್ ಎಂದು ಹೆಸರು. ವಕೀಲರಲ್ಲ, ಗುಮಾಸ್ತರೂ ಅಲ್ಲ. ಶಿಕ್ಷೆಯಾದವರು ಮೇಲ್ಮನವಿ ಹಾಕಿದಾಗ ಸರ್ಕಾರದ ಪರವಾಗಿ ಉತ್ತರ ಬರೆಯುವುದು ವಕೀಲರ ಪಾಡು. ಆ ಉತ್ತರದಲ್ಲಿ 'ಸಾಕ್ಷಿ ಹೀಗೆ ಹೇಳಿದ, ಪುಟ ನಾನೂರ ಹನ್ನೆರಡು' ಎಂದಿದ್ದರೆ, ಸಾಕ್ಷಿ ಆ ಪುಟದಲ್ಲಿ ನಿಜವಾಗಿ ಹಾಗೆ ಹೇಳಿದ್ದಾನೆಯೇ ಎಂದು ನೋಡುವುದು ಲವಾನ್ ಪಾಡು. ಒಂದು ಉತ್ತರದಲ್ಲಿ ಇಂಥವು ಇನ್ನೂರಾದರೂ ಇರುತ್ತವೆ. ಸದ್ಯ ಅವರ ಕಪಾಟಿನಲ್ಲಿ ನೂರ ನಲವತ್ತಾರು ಮೇಲ್ಮನವಿಗಳಿವೆ. ಪ್ರತಿಯೊಂದರ ಗಡುವನ್ನೂ ಕಂಪ್ಯೂಟರ್ ನೆನಪಿಡುತ್ತದೆ. ಲವಾನ್ ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಮತ್ತೊಮ್ಮೆ ಎಣಿಸುತ್ತಾರೆ.

"ಕಂಪ್ಯೂಟರ್‌ಗೆ ಹಬ್ಬದ ರಜ ಗೊತ್ತಾಗುತ್ತೆ, ಹಿಮ ಬಿದ್ದು ಕೋರ್ಟ್ ಮುಚ್ಚಿದ್ದು ಗೊತ್ತಾಗಲ್ಲ. ಒಂದ್ ದಿನ ತಪ್ಪಿದ್ರೆ ಮುಗೀತು. ವಾದ ಎಷ್ಟೇ ಚೆನ್ನಾಗಿರ್ಲಿ, ಓದೋರೇ ಇರಲ್ಲ" ಎನ್ನುತ್ತಾರೆ.

ಲವಾನ್ ಅವರ ತಂದೆ ದನದ ಹರಾಜುಕಟ್ಟೆಯಲ್ಲಿ ಚೀಟಿ ಬರೆಯುತ್ತಿದ್ದರು. ಮಗಳೂ ಅಲ್ಲೇ ಕೂತು, ಹರಾಜುಗಾರ ಉಸಿರು ಬಿಡದೆ ಕೂಗುತ್ತಿದ್ದುದನ್ನು ತಪ್ಪಿಲ್ಲದೆ ಬರೆದುಕೊಳ್ಳುವುದನ್ನು ಕಲಿತರು. ಇಪ್ಪತ್ತೆರಡರಲ್ಲಿ ಬೆರಳಚ್ಚುಗಾರ್ತಿಯಾಗಿ ಈ ಕಚೇರಿಗೆ ಬಂದರು. ಕಾನೂನು ಓದುವ ಆಸೆಯಿತ್ತು. ಕಾಲೇಜು ಇದ್ದದ್ದು ಇನ್ನೂರು ಮೈಲಿ ಆಚೆ, ಮನೆಯಲ್ಲಿ ಎರಡು ಹಸುಗೂಸು. ಆಮೇಲೆ ರಸ್ತೆ ಇಲಾಖೆಯಲ್ಲಿದ್ದ ಗಂಡ ಡ್ವೇನ್‌ಗೆ ಲಕ್ವ ಹೊಡೆಯಿತು. ನಾಲ್ಕು ವರ್ಷ ಅವರನ್ನು ಎತ್ತಿ ಇಳಿಸಿ ನೋಡಿಕೊಂಡರು. ಸಂಜೆ ಬೇಗ ಮನೆ ಸೇರಬೇಕೆಂದು ಬೆಳಿಗ್ಗೆ ಆರಕ್ಕೆ ಬರುವುದು ರೂಢಿಯಾಯಿತು. ಡ್ವೇನ್ ಹೋಗಿ ಎಂಟು ವರ್ಷವಾದರೂ ಆರು ಗಂಟೆ ಬದಲಾಗಿಲ್ಲ.

ಮೂವತ್ತೊಂದು ವರ್ಷದಲ್ಲಿ ಅವರ ಕೈಯಿಂದ ದಾಟಿಹೋದ ಉತ್ತರಗಳು ಎರಡು ಸಾವಿರಕ್ಕೂ ಹೆಚ್ಚು. ಮುಖಪುಟದಲ್ಲಿ ವಕೀಲರ ಹೆಸರು ದಪ್ಪ ಅಕ್ಷರಗಳಲ್ಲಿ ಇರುತ್ತದೆ. ಇವರ ಸಹಿ ಇರುವುದು ಕೊನೆಯ ಪುಟದ ತಳದಲ್ಲಿ, ಪ್ರತಿಗಳನ್ನು ಅಂಚೆಗೆ ಹಾಕಿದ್ದೇನೆ ಎಂಬ ಸಾಲಿನ ಕೆಳಗೆ. ಆ ಪುಟವನ್ನು ಯಾರೂ ಓದುವುದಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ, ಹಾಗೆಂದು ಹೇಳಿಯೂ ಹೇಳಿದೆ. "ಅಯ್ಯೋ ಬಿಡಿ, ಅಲ್ಲಿ ತಪ್ಪಾದ್ರೆ ಮಾತ್ರ ಓದ್ತಾರೆ. ಓದ್ದೇ ಇದ್ರೇನೇ ನನಗೆ ನೆಮ್ಮದಿ" ಎಂದು ನಕ್ಕುಬಿಟ್ಟರು.

ರಾಯ್ಸ್ ಕಥೆಯನ್ನು ಮಾತ್ರ ಅವರು ಹೇಳಲು ಒಪ್ಪಲಿಲ್ಲ. ಹೇಳಿದ್ದು ವಿಭಾಗದ ಮುಖ್ಯಸ್ಥೆ ಮಾರ್ಲಿಸ್ ಥೋರ್ಸನ್. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

ಶಿಕ್ಷೆಯಾದ ಮೂವತ್ತು ದಿನದೊಳಗೆ ಮೇಲ್ಮನವಿಯ ಸೂಚನೆ ಕೋರ್ಟಿಗೆ ತಲುಪಬೇಕು. ರಾಯ್ಸ್ ಅದನ್ನು ಬಟ್ ಕ್ರೀಕ್ ಜೈಲಿನಿಂದ ತಾನೇ ಪೆನ್ಸಿಲಿನಲ್ಲಿ ಬರೆದು ಕಳಿಸಿದ್ದ. ಕೋರ್ಟಿನ ಮೊಹರು ಬಿದ್ದದ್ದು ಮೂವತ್ತನಾಲ್ಕನೆಯ ದಿನ. ಲವಾನ್ ಎಣಿಸಿ, ನಾಲ್ಕು ದಿನ ತಡ ಎಂದು ಬರೆದುಕೊಟ್ಟರು. ಯುವ ವಕೀಲ ಕೋಲ್ಟನ್ ಯೇಗರ್‌ಗೆ ಹಾಲು ಕುಡಿದಷ್ಟು ಸಂತೋಷ. ಮೇಲ್ಮನವಿ ವಜಾ ಮಾಡಿ ಎಂದು ಎರಡೇ ಪುಟದ ಅರ್ಜಿ ಹಾಕಿ ಕೈತೊಳೆದುಕೊಂಡ.

ಜೈಲಿನವರಿಗೆ ಮಾತ್ರ ಒಂದು ವಿನಾಯಿತಿಯಿದೆ. ಕೈದಿ ಕಾಗದವನ್ನು ಜೈಲಿನ ಅಂಚೆ ಕೋಣೆಗೆ ಕೊಟ್ಟ ದಿನವನ್ನೇ ಸಲ್ಲಿಸಿದ ದಿನ ಎಂದು ಹಿಡಿಯಬೇಕು. ಆಮೇಲೆ ಅಂಚೆ ತಡವಾದರೆ ಅದು ಅವನ ತಪ್ಪಲ್ಲ. ಗಡುವಿನೊಳಗೇ ಕೊಟ್ಟೆ ಎಂದು ರಾಯ್ಸ್ ಹೇಳುತ್ತಲೇ ಇದ್ದ. ಆದರೆ ಜೈಲಿನ ಪುಸ್ತಕದಲ್ಲಿ ಆ ವಾರದ ನಮೂದೇ ಇರಲಿಲ್ಲ. ಕೋರ್ಟಿಗೆ ಬಂದ ಲಕೋಟೆ ಯಾವಾಗಲೋ ಕಸದ ಬುಟ್ಟಿ ಸೇರಿತ್ತು.

"ಎಲ್ಲರೂ ಲಕೋಟೆ ಹರಿದು ಬಿಸಾಕ್ತಾರೆ. ಇವಳೊಬ್ಬಳು ಪ್ರತಿ ಕಾಗದದ ಹಿಂದೆ ಅದರ ಲಕೋಟೆ ಪಿನ್ ಮಾಡಿ ಇಡ್ತಾಳೆ. ಹಳೇ ಲಕೋಟೆ ಮ್ಯೂಸಿಯಂ ತೆಗೀತೀಯೇನೇ ಅಂತ ನಾವೆಲ್ಲ ಎಷ್ಟು ಆಡ್ಕೊಂಡಿದ್ದೀವೋ!" ಎನ್ನುತ್ತಾರೆ ಮಾರ್ಲಿಸ್.

ವಜಾ ಅರ್ಜಿ ಹಾಕಿ ಹತ್ತು ದಿನವಾಗಿತ್ತು. ಲವಾನ್ ಆ ಫೈಲನ್ನು ಕಪಾಟಿಗೆ ಸೇರಿಸುವ ಮುನ್ನ ಹಾಳೆ ಸರಿಮಾಡುತ್ತಿದ್ದರು. ಕೋರ್ಟಿಗೆ ಕಳಿಸಿದ ದಿನವೇ ರಾಯ್ಸ್ ಈ ಕಚೇರಿಗೂ ಕಳಿಸಿದ್ದ ಪ್ರತಿಯ ಲಕೋಟೆ ಮಗುಚಿಕೊಂಡಿತು. ಮುಂಭಾಗದಲ್ಲಿ ಅಂಚೆಯ ತಾರೀಕು, ತಡವಾದದ್ದೇ. ಬೆನ್ನ ಮೇಲೆ ಮಸುಕಾದ ನೇರಳೆ ಸೀಲು: ಬಟ್ ಕ್ರೀಕ್ ಅಂಚೆ ಕೋಣೆ, ಇಪ್ಪತ್ತೊಂಬತ್ತನೆಯ ದಿನದ ತಾರೀಕು.

"ಬೆನ್ನು ನೋಡೋದು ನನ್ನ ಕೆಲಸ. ಅವತ್ತು ನೋಡ್ಲಿಲ್ಲ. ಅಷ್ಟೇ" ಎಂದು ಲವಾನ್ ಪಕ್ಕದಿಂದ ಹೇಳುತ್ತಾರೆ. ಅವರ ಕಿವಿ ಕೆಂಪಾಗಿದೆ.

ಆ ಸೀಲು ಇರುವ ಕಾಗದ ಇಡೀ ರಾಜ್ಯದಲ್ಲಿ ಅದೊಂದೇ. ಪಿನ್ ತೆಗೆದು ಬುಟ್ಟಿಗೆ ಹಾಕಿದ್ದರೆ ಕೇಳುವವರಿರಲಿಲ್ಲ. ಮೂವತ್ತು ವರ್ಷದಲ್ಲಿ ಒಂದೂ ಗಡುವು ತಪ್ಪು ಎಣಿಸಿಲ್ಲ ಎಂಬ ಹೆಸರೂ ಉಳಿಯುತ್ತಿತ್ತು. ಲವಾನ್ ಲಕೋಟೆ ಹಿಡಿದು ನೇರವಾಗಿ ಮಾರ್ಲಿಸ್ ಕೋಣೆಗೆ ಹೋದರು. ನಾನಾಗಿದ್ದರೆ ಹೋಗುತ್ತಿದ್ದೆನೇ? ಒಂದು ರಾತ್ರಿಯಾದರೂ ಹೊರಳಾಡುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

"ಬಂದವಳೇ 'ನಾನು ತಪ್ಪು ಮಾಡಿದೀನಿ, ನಮ್ಮ ಅರ್ಜಿ ಸುಳ್ಳು, ವಾಪಸ್ ತಗೋ' ಅಂದ್ಲು. ಕೂತ್ಕೋ ಅಂದ್ರೂ ಕೂರ್ಲಿಲ್ಲ" ಎಂದು ಮಾರ್ಲಿಸ್ ನೆನೆಯುತ್ತಾರೆ. ಮಧ್ಯಾಹ್ನದೊಳಗೆ ಅರ್ಜಿ ವಾಪಸಾಯಿತು. ಲಕೋಟೆಯ ಎರಡೂ ಬದಿಯ ಪ್ರತಿ ಕೋರ್ಟಿಗೂ ರಾಯ್ಸ್‌ನ ವಕೀಲರಿಗೂ ಹೋಯಿತು.

ಕೋಲ್ಟನ್ ಎರಡು ದಿನ ಮುಖ ಊದಿಸಿಕೊಂಡಿದ್ದನಂತೆ. ಈಗ ನಗುತ್ತಾನೆ. "ಎರಡು ಪುಟದಲ್ಲಿ ಮುಗಿದಿದ್ದ ಕೇಸು ಸಾರ್. ಲವಾನ್ ದಯೆಯಿಂದ ನಲವತ್ತಾರು ಪುಟ ಬರೆದೆ. ಇನ್ನೂ ಏನಾದ್ರೂ ಸಿಕ್ಕಿದ್ರೆ ದಯವಿಟ್ಟು ನಾನು ರಜದಲ್ಲಿದ್ದಾಗ ಹುಡುಕಿ ಅಂತ ಕೈ ಮುಗಿದಿದೀನಿ."

"ನಲವತ್ತಾರರಲ್ಲಿ ಹನ್ನೊಂದು ಕಡೆ ನೀನು ಪುಟ ಸಂಖ್ಯೆ ತಪ್ಪು ಹಾಕಿದ್ದೆ ಕಣೋ. ಅದನ್ನೂ ಹೇಳು ಇವ್ರಿಗೆ" ಎನ್ನುತ್ತಾರೆ ಲವಾನ್.

ಒಂಬತ್ತು ಗಂಟೆ ಎರಡು ನಿಮಿಷ. ತೀರ್ಪು ಬಂದಿದೆ. ಮುದ್ರಣ ಯಂತ್ರ ಬಿಸಿ ಬಿಸಿ ಹಾಳೆಗಳನ್ನು ಉಗುಳುತ್ತಿದೆ. ಕೋಲ್ಟನ್ ಕೊನೆಯ ಪುಟಕ್ಕೆ ಹಾರಿ "ಗೆದ್ವಿ!" ಎನ್ನುತ್ತಾನೆ. ರಾಯ್ಸ್ ಆಕ್ಷೇಪಿಸಿದ್ದು ಪೊಲೀಸರು ತನ್ನ ಹೇಳಿಕೆ ಪಡೆದ ರೀತಿಯನ್ನು; ಅದು ಸರಿಯಾಗಿಯೇ ಇತ್ತು, ಶಿಕ್ಷೆ ಹಾಗೆಯೇ ಉಳಿಯುತ್ತದೆ ಎಂದಿದ್ದಾರೆ ಐದೂ ಜನ. ಲವಾನ್ ಮೊದಲ ಪುಟದಿಂದ ಶುರುಮಾಡಿದವರು ಮುಗಿಸುವಾಗ ಹತ್ತೂವರೆ. ಆಮೇಲೆ ಫೈಲಿನಲ್ಲಿ ತೀರ್ಪಿನ ತಾರೀಕು ಬರೆದರು. ಖುಷಿಯೇ ಎಂದು ಕೇಳಿದೆ.

"ನಮ್ಮ ಕಚೇರಿ ಗೆದ್ದಿದೆ, ಖುಷಿ ಇದೆ. ಅವ್ನು ಹೇಳಿದ್ದನ್ನ ಕೇಳಿಸ್ಕೊಂಡು ಗೆದ್ವಲ್ಲ, ಅದಕ್ಕೆ ಜಾಸ್ತಿ ಖುಷಿ." ಫೈಲು ಮುಚ್ಚುತ್ತಾ, "ಅವ್ನಿಗೆ ಇನ್ನೂ ಹದಿನೆಂಟು ವರ್ಷ ಇದೆ" ಎಂದರು.

ಸಂಜೆ ನಾಲ್ಕಕ್ಕೆ ಅವರ ಜೊತೆ ಮುಖ್ಯರಸ್ತೆಯ ದಿನಸಿ ಅಂಗಡಿಗೆ ಹೋದೆ. ದುಡ್ಡು ತೆಗೆದುಕೊಳ್ಳುವ ಮೂರು ಕಟ್ಟೆಗಳಿವೆ, ಎರಡು ಖಾಲಿ. ಮೂರನೆಯದರಲ್ಲಿ ನಿಂತಿರುವವಳು ಡಾರ್ಲಾ, ರಾಯ್ಸ್‌ನ ಅಕ್ಕ. ಊರು ಚಿಕ್ಕದು, ಯಾರು ಯಾವ ಕಚೇರಿ ಎಂದು ಎಲ್ಲರಿಗೂ ಗೊತ್ತು. ವರ್ಷದಿಂದ ಇಬ್ಬರೂ ಗಾಳಿ ಮತ್ತು ಹಿಮದ ಬಗ್ಗೆ ಬಿಟ್ಟು ಬೇರೆ ಮಾತಾಡಿಲ್ಲ. ಇವತ್ತು ಬೇರೆ ಅಂಗಡಿಗೆ ಹೋಗೋಣವೇ ಎಂದು ನಾನು ಪಿಸುಗುಟ್ಟಿದೆ. ಲವಾನ್ ಆಗಲೇ ಬ್ರೆಡ್ಡು, ಮೊಟ್ಟೆ ತೆಗೆದು ಡಾರ್ಲಾಳ ಮುಂದೆ ಇಡುತ್ತಿದ್ದರು.

ಡಾರ್ಲಾಳ ಕಣ್ಣು ಊದಿದೆ. ಮೊಟ್ಟೆಯ ಪೆಟ್ಟಿಗೆ ತೆರೆದು, ಒಡೆದಿಲ್ಲವೆಂದು ನೋಡಿ ಮುಚ್ಚಿದಳು.

"ಜಡ್ಜ್‌ಗಳು ಮೂವತ್ತೊಂದು ಪುಟ ಬರ್ದಿದಾರಂತೆ. ವಕೀಲ್ರು ಹೇಳಿದ್ರು. ನಮ್ ರಾಯ್ಸ್ ಬಗ್ಗೆ ಹುಟ್ಟಿದಾಗಿಂದ ಯಾರೂ ಒಂದ್ ಪುಟಾನೂ ಬರ್ದಿರ್ಲಿಲ್ಲ."

"ನಾನೂ ಓದಿದೀನಿ. ಒಂದ್ ಸಾಲೂ ಬಿಟ್ಟಿಲ್ಲ" ಎಂದರು ಲವಾನ್.

ಡಾರ್ಲಾ ತಲೆಯಾಡಿಸಿ ಚೀಲ ಮುಂದೆ ತಳ್ಳಿದಳು. ಲವಾನ್ ಅದನ್ನು ಎತ್ತಿಕೊಂಡವರು ಅಲ್ಲೇ ನಿಂತರು. ಎದುರು ಪಕ್ಷದವರಿಗೆ ಕಾನೂನು ಸಲಹೆ ಕೊಡುವಂತಿಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮುಂದಿನ ಮನವಿಯ ಗಡುವು ಇವತ್ತಿನಿಂದಲೇ ಓಡತೊಡಗಿದೆ ಎಂಬುದೂ ಗೊತ್ತು.

"ಮುಂದೇನು ಅಂತ ಅವನ ವಕೀಲ್ರನ್ನೇ ಕೇಳಮ್ಮ" ಎಂದರು ಕೊನೆಗೆ. "ಇವತ್ತೇ ಕೇಳು. ನಾಳೆಗೆ ಇಡ್ಬೇಡ."