ತೊಗರಿಯ ಬೇರು ಹಿಡಿದ ಗಂಧ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಈ ಬಿಸಿಲ ಸೀಮೆಯಲ್ಲಿ ಶ್ರೀಗಂಧದ ಸಸಿಯನ್ನು ಬದುಕಿಸುವ ವಿದ್ಯೆ ಯಾರಿಗೆ ಒಲಿದಿದೆ ಎಂದು ಕೇಳಿದರೆ, ತಿಳಿದವರೆಲ್ಲರೂ ಒಂದೇ ಹೆಸರನ್ನು ಹೇಳುತ್ತಾರೆ: ಅರಣ್ಯ ಇಲಾಖೆಯ ದರೋಗಾ ಶ್ರೀ ಗಾದಿಲಿಂಗಪ್ಪನವರು. ಮೂವತ್ತೊಂದು ವರ್ಷಗಳ ಅರಣ್ಯಸೇವೆಯನ್ನು ಮುಗಿಸಿ ಈ ೧೯೪೬ರಲ್ಲಿ ನಿವೃತ್ತರಾಗುತ್ತಿರುವ ಈ ಹಿರಿಯರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಭಾಗ್ಯವೆಂದು ಬರೆದೆನೇನೋ ಸರಿ, ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ.

ನಾನು ಅವರ ಕೈಕೆಳಗೆ ತಳಕಲ್ಲಿನ ಹತ್ತಿರದ ಸಸಿತೋಟಕ್ಕೆ ಬಂದದ್ದು ೧೯೩೬ರಲ್ಲಿ. ಪರೀಕ್ಷೆ ಪಾಸಾದ ಗರ್ವ ತಲೆಗೇರಿದ್ದ ಕಾಲ. ಗಾದಿಲಿಂಗಪ್ಪನವರು ಗಂಧದ ಬೀಜ ಹಾಕಿದ ಪ್ರತಿಯೊಂದು ಗುಣಿಯಲ್ಲಿಯೂ ತೊಗರಿಯನ್ನು ಬಿತ್ತಿಸುತ್ತಿದ್ದರು. ಏಕೆಂದು ಕೇಳಿದೆ. ಅವರು ಒಂದು ಗುಣಿಯ ಸಸಿಗಳನ್ನು ಮಣ್ಣುಸಹಿತ ಎತ್ತಿ, ಬಕೇಟಿನ ನೀರಿನಲ್ಲಿ ಮಧ್ಯಾಹ್ನದವರೆಗೂ ನೆನೆಸಿ, ಮಣ್ಣನ್ನು ಬೆರಳಿನಿಂದ ನಯವಾಗಿ ಬಿಡಿಸಿ, ಎರಡೂ ಬೇರುಗಳನ್ನು ನನ್ನ ಅಂಗೈಮೇಲೆ ಹಾಸಿದರು. ತೊಗರಿಯ ಬೇರಿನಲ್ಲಿ ಸಾಸಿವೆಯಂಥ ಗಂಟುಗಳಿದ್ದವು. ಗಾಳಿಯೊಳಗಿನ ಸಾರಜನಕ ಅಲ್ಲಿ ಗೊಬ್ಬರವಾಗುತ್ತದೆ. ಗಂಧದ ಬೇರು ಆ ಬೇರನ್ನು ಪುಟ್ಟ ಬಾಯಿಗಳಿಂದ ಕಚ್ಚಿಹಿಡಿದಿತ್ತು.

ಜೋಳದ ಜೊತೆ ಬೆಳೆದ ಗಂಧ ಬಡಕಲಾಗಿ, ತೊಗರಿಯ ಜೊತೆ ಬೆಳೆದದ್ದು ಕಪ್ಪುಹಸಿರಾಗಿ ಬರುವುದನ್ನು ಅವರು ಸಾಲುಸಾಲಾಗಿ ಬೆಳೆಸಿ ತೋರಿಸಿದ್ದರು. ಆದರೆ ಅಷ್ಟಕ್ಕೇ ಅವರಿಗೆ ಸಮಾಧಾನವಿರಲಿಲ್ಲ. ಕೊಟ್ಟ ತೊಗರಿಯ ಗತಿಯೇನು, ಅದರ ಗಂಟು ಸಣ್ಣದಾಗುವುದೆ, ಕಾಯಿ ಕಡಿಮೆಯಾಗುವುದೆ, ಗಂಧ ತಿರುಗಿ ಏನನ್ನಾದರೂ ಕೊಡುವುದೆ ಎಂದು ಊಟದ ನಡುವೆಯೂ ಎದ್ದು ಹೋಗಿ ನೋಡುವರು. ಬೇಲಿಯಲ್ಲಿ ಗಂಧದ ಗಿಡವಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ತಾವರಗೇರಾದವರೆಗೂ ನಡೆದೇ ಬಿಡುವರು. ನನಗೆ ಜ್ವರ ಬಂದಾಗ ಹದಿನೈದು ದಿನ ಅವರ ಮನೆಯ ಗಂಜಿ ಕುಡಿದು ಬದುಕಿದ್ದೇನೆ. ಇದನ್ನು ಮೊದಲೇ ಬರೆಯಬೇಕಿತ್ತು.

ನಮ್ಮ ಕಡೆ ಪುಷ್ಯಮಾಸದಲ್ಲಿ ತೊಗರಿಯ ಕಾಯಿ ಒಣಗಿತೆಂದರೆ ಹೊಲದಲ್ಲಿ ಒಂದು ಕಡ್ಡಿಯೂ ನಿಲ್ಲುವುದಿಲ್ಲ. ಎಲ್ಲ ಒಲೆಗೆ, ಬೇಲಿಗೆ. ಗಾದಿಲಿಂಗಪ್ಪನವರದು ಮಾತ್ರ ಬೇರೆ ನಿಯಮ: ಕಾಯಿ ಬಿಡಿಸಿಕೊಳ್ಳಿ, ಗಿಡ ಮುಟ್ಟಬೇಡಿ, ಬೇಸಿಗೆಗೆ ಗಂಧಕ್ಕೆ ಅದೇ ಆಧಾರ. ಊರವರು ನಗುತ್ತಿದ್ದರು. ಒಕ್ಕಲುಮನೆಯಲ್ಲಿ ಹುಟ್ಟಿದ ನನಗೂ ಆ ಹೊಲಸು ಕಂಡು ಕೈ ತುರಿಸುತ್ತಿತ್ತು.

೧೯೪೦ರ ಪುಷ್ಯದಲ್ಲಿ ಅವರು ಹೊಂಗೆಯ ಸಸಿ ತರಲು ಗಂಗಾವತಿಯ ಕಡೆಗೆ ಹೋಗಿದ್ದಾಗ ಮೇಲಧಿಕಾರಿಗಳು ತೋಟ ನೋಡಲು ದೌರೆ ಬರುವ ಸುದ್ದಿ ಬಂತು. ತೋಟ ಓರಣವಾಗಿ ಕಾಣಲೆಂದು ತೊಗರಿಯನ್ನೆಲ್ಲ ಬೇರುಸಹಿತ ಕಿತ್ತುಹಾಕಲು ನಾನು ಹೇಳಿದೆ. ಕೂಲಿಯ ಹೆಂಗಸರಲ್ಲಿ ಹಿರಿಯಳಾದ ಹುಲಿಗವ್ವ ಅಡ್ಡ ನಿಂತಳು.

"ಬ್ಯಾಡ್ರಿ ಸಾಹೇಬ್ರ, ದರೋಗಾ ಸಾಹೇಬ್ರು ಏಳು ವರ್ಷ ಜೀವಾ ತೇದಾರ ಇದಕ್ಕ."

ನಿನ್ನಿಂದ ಕಲಿಯಬೇಕೇನು ಎಂದು ಗದರಿಸಿ, ಹಟಕ್ಕೆ ಬಿದ್ದು ನಾನೇ ಕೀಳಲು ನಿಂತೆ. ತೋಟ ಕನ್ನಡಿಯಂತಾಯಿತು. ಅಧಿಕಾರಿಗಳು ನನ್ನ ಬೆನ್ನು ತಟ್ಟಿದರು.

ಗಾದಿಲಿಂಗಪ್ಪನವರು ಮರುದಿನ ಬಂದು, ಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಯಾರು ಕಿತ್ತರೆಂದು ಕೇಳಿದರು. ಹೆಂಗಸರು ಕಟ್ಟಿಗೆಯ ಆಸೆಗೆ ಕಿತ್ತರು ಎಂದೆ. ಹುಲಿಗವ್ವ ಅಲ್ಲೇ ನಿಂತಿದ್ದಳು. ಅವಳು ನನ್ನ ಮುಖ ನೋಡಿ ಕೆಲಸಕ್ಕೆ ತಿರುಗಿದಳು.

ಯುಗಾದಿಯ ಹೊತ್ತಿಗೆ ಗಂಧದ ಎಲೆ ಹಳದಿಯಾಗಿ ಸಾಲುಸಾಲೇ ಒಣಗಿತು. ತಪ್ಪು ಯಾರದೆಂದು ಮೇಲಿನಿಂದ ಕಾಗದ ಬಂತು. ಹೆಂಗಸರನ್ನು ಕೆಲಸದಿಂದ ಬಿಡಿಸುವ ಮಾತಿತ್ತು. ಗಾದಿಲಿಂಗಪ್ಪನವರು ನನ್ನನ್ನು ಕರೆದು, "ಕೀಳ್ರಿ ಅಂತ ನಾನ ಹೇಳಿದ್ದೆ ಅಂತ ಬರಿ," ಎಂದರು. ಬರೆದೆ. ಪ್ರಯೋಗ ನಿಂತಿತು. ಅವರು ಮುನಿರಾಬಾದಿನ ಕಡೆಯ ಒಂದು ಕಟ್ಟಿಗೆ ಡಿಪೋಕ್ಕೆ ವರ್ಗವಾದರು. ಅವರ ಕುರ್ಚಿಗೆ ನಾನು ಬಂದೆ. ಹುಲಿಗವ್ವನ ಕೂಲಿ ಉಳಿಯಿತು, ಆದರೆ ಊರಿನಲ್ಲಿ ಅವಳಿಗೆ ಗಂಧ ಕೊಂದಾಕಿ ಎಂಬ ಹೆಸರಾಯಿತು.

ಬಾವಿಯ ಹಿಂದೆ ನನ್ನ ಕಣ್ಣಿಗೆ ಬೀಳದ ಒಂದು ಸಾಲಿತ್ತು. ಅಲ್ಲಿಯ ತೊಗರಿಯನ್ನು ಆಕೆ ಕೀಳದೆ, ಎತ್ತರ ಕಾಣದಂತೆ ತುದಿಯನ್ನಷ್ಟೇ ಚಿವುಟಿ ಬಿಟ್ಟಿದ್ದಳು. ಆ ಹನ್ನೊಂದು ಗಂಧ ಇಂದು ಎರಡಾಳೆತ್ತರ ನಿಂತಿವೆ. ನೋಡಲು ಬಂದವರಿಗೆಲ್ಲ ನಾನೇ ತೋರಿಸುತ್ತೇನೆ, ಯಾರು ಉಳಿಸಿದರೆಂದು ಮಾತ್ರ ಹೇಳುವುದಿಲ್ಲ. ಆರು ವರ್ಷಗಳಿಂದ ಒಂದು ಕಡೆ ನೆಟ್ಟಗೆ ಕುಳಿತು ಉಂಡವನಲ್ಲ ನಾನು.

ಹೋದ ವಾರ, ಈ ಲೇಖನವನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೆರಳಿನಿಂದ ಬೀಜ ಬಿಡಿಸುತ್ತಲೇ ಎಲ್ಲ ಕೇಳಿಸಿಕೊಂಡು ಹೇಳಿದರು.

"ಗೊತ್ತಿತ್ತೋ ತಮ್ಮಾ. ಅವತ್ತು ಹುಲಿಗವ್ವನ ಕೈ ನೋಡಿದೆ, ಸಾಫ್ ಇತ್ತು. ನಿನ್ನ ಅಂಗೈ ತುಂಬ ಗುಳ್ಳಿ ಎದ್ದಿದ್ದವು."

ಹಾಗಾದರೆ ಏಕೆ ಸುಮ್ಮನಿದ್ದಿರಿ ಎಂದೆ.

"ನೀನ ಹೇಳ್ತಿ ಅಂತ ಕಾದೆ. ಭಾಳ ತಡಾ ಮಾಡಿದಿ. ನನ್ನ ಮುಂದ ಹೇಳಿದ್ರ ಏನ್ ಬಂತು, ಆಕಿ ಮುಂದ ಹೇಳು."

ಪೂಜ್ಯ ಗಾದಿಲಿಂಗಪ್ಪನವರು ನೂರ್ಕಾಲ ಬಾಳಲಿ. ಕೊಟ್ಟ ತೊಗರಿಗೆ ಗಂಧ ತಿರುಗಿ ಏನು ಕೊಡುತ್ತದೆ ಎಂದು ಅವರು ಕೇಳಿದ ಪ್ರಶ್ನೆ ಅರ್ಧಕ್ಕೇ ನಿಂತಿದೆ. ಬರುವ ಮುಂಗಾರಿಗೆ ಗಂಧದ ಪಕ್ಕ ಮತ್ತೆ ತೊಗರಿ ಬಿತ್ತೋಣ ಎಂದಿದ್ದಾರೆ, ಅವರ ಕಣ್ಣೂ ಕೈಯೂ ಅಷ್ಟು ಕಾಲ ಗಟ್ಟಿಯಾಗಿರಲಿ. ಸನ್ಮಾನದ ದಿನ ಈ ಲೇಖನವನ್ನು ಬೇರೆಯವರಿಂದ ಓದಿಸಕೂಡದೆಂದು ಸಮಿತಿಯವರಿಗೆ ತಾಕೀತು ಮಾಡಿದವರೂ ಅವರೇ. ನಾನೇ ಓದುತ್ತೇನೆ. ಮುಂದಿನ ಸಾಲಿನ ಮೊದಲ ಕುರ್ಚಿಯಲ್ಲಿ ಹುಲಿಗವ್ವನವರು ಕುಳಿತಿರುತ್ತಾರೆ.