ಮೈಕಮ್ಮನ ಬಾಯಿ ತುಂಬ ನೀರು

ಬಸ್ ನಿಲ್ದಾಣದಲ್ಲಿ ಇಪ್ಪತ್ತೊಂಬತ್ತು ವರ್ಷ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿನಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹೇಳಿದ ಹೆಂಗಸಿಗೆ ಮೈಕಮ್ಮ ಎಂಬ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಇಟ್ಟವರು ಡ್ರೈವರುಗಳು. ಎದುರಿಗೆ ಮೇಡಂ, ಬೆನ್ನ ಹಿಂದೆ ಮೈಕಮ್ಮ. ನಿವೃತ್ತಿಯ ದಿನ ಮ್ಯಾನೇಜರೇ ಭಾಷಣದಲ್ಲಿ ಬಾಯಿತಪ್ಪಿ "ನಮ್ಮ ಮೈಕಮ್ಮ" ಎಂದುಬಿಟ್ಟರು. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಉತ್ತರವಾಗಿ ಮುಕ್ಕಾಲು ಗಂಟೆ ಮಾತಾಡಿದಳು. ಅಂದು ಎರಡು ಬಸ್ಸು ತಡವಾಗಿ ಹೊರಟವು.

ಮೈಕಿನ ಕೋಣೆಗೆ ಪ್ಲಾಟ್‌ಫಾರಮ್ಮಿನ ಕಡೆ ಕಿಟಕಿ ಇರಲಿಲ್ಲ. ತಾನು ಹೇಳಿದ್ದನ್ನು ಯಾರು ಕೇಳಿಸಿಕೊಂಡರು, ಓಡಿ ಹೋಗಿ ಬಸ್ಸು ಹತ್ತಿದರೋ ಇಲ್ಲವೋ ಎಂಬುದು ಆಕೆಗೆ ಒಂದು ದಿನವೂ ಗೊತ್ತಾದದ್ದಿಲ್ಲ. ಆದ್ದರಿಂದ ಪ್ರತಿಯೊಂದನ್ನೂ ಮೂರು ಸಲ ಹೇಳಬೇಕು ಎಂಬುದು ಆಕೆಯ ಕಟ್ಟುನಿಟ್ಟಿನ ನಿಯಮ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಅದನ್ನೇ ಕಲಿಸುತ್ತಿದ್ದಳು. "ಮೊದಲನೇ ಸಲ ಕಿವಿಗೆ ಬೀಳುತ್ತೆ. ಎರಡನೇ ಸಲ ತಲೆಗೆ ಹೋಗುತ್ತೆ. ಮೂರನೇ ಸಲಕ್ಕೇ ಕಣ್ರೋ ಜನ ನಂಬೋದು." ಮೈಕು ಸುಮ್ಮನಿದ್ದರೆ ಆಕೆಗೆ ತಡೆಯಲಾಗುತ್ತಿರಲಿಲ್ಲ. ಬಸ್ಸಿಲ್ಲದ ಹೊತ್ತಿನಲ್ಲಿ ಯಾರೋ ಬಿಟ್ಟುಹೋದ ಕೊಡೆಗಳ ವಿವರ ಹೇಳುತ್ತಿದ್ದಳು. ಯಾರೂ ಕೊಡೆ ಮರೆಯದ ದಿನ ಜೇಬುಗಳ್ಳರ ಬಗ್ಗೆ ಎಚ್ಚರಿಸುತ್ತಿದ್ದಳು.

ಮನೆಯಲ್ಲೂ ಅಷ್ಟೆ. ಗಂಡ ಬದುಕಿದ್ದಷ್ಟು ಕಾಲ ಅವರಿಬ್ಬರ ನಡುವೆ ಒಂದೇ ಒಂದು ಜಗಳ ನಡೆಯಲಿಲ್ಲ. ಜಗಳವಾಗಲು ಇಬ್ಬರೂ ಮಾತಾಡಬೇಕಾಗುತ್ತದೆ. ಈಗ ಮಗಳ ಮನೆಯಲ್ಲಿದ್ದಾಳೆ. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ, ಅಳಿಯ ಲಿಫ್ಟ್ ರಿಪೇರಿ ಮಾಡುವವನು. ಅಳಿಯನಿಗೆ ಮಾತು ಕಡಿಮೆ ಎಂದು ಮೈಕಮ್ಮ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾಳೆ. ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಅವಕಾಶ ಯಾರಿಗೂ ಸಿಕ್ಕಿಲ್ಲ.

ಅವರಿಗೊಂದು ಹೆಣ್ಣು ಮಗು. ಹುಟ್ಟಿದಾಗ ಅಂಗೈಯಷ್ಟಿತ್ತೆಂದು ಗುಬ್ಬಿ ಎಂದು ಕರೆದರು, ಅದೇ ಉಳಿಯಿತು. ಗುಬ್ಬಿಗೆ ಎರಡು ವರ್ಷ ಹತ್ತು ತಿಂಗಳಾಗಿತ್ತು, ಒಂದು ಮಾತೂ ಬಂದಿರಲಿಲ್ಲ. ಕಿವಿ ಚೆನ್ನಾಗಿತ್ತು, ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿಸಿದ್ದರು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬೇಕಾದದ್ದಕ್ಕೆ "ಊಂ" ಎಂದು ಬೆರಳು ತೋರಿಸುತ್ತಿದ್ದಳು. ಬೆರಳು ಅರ್ಧ ಏಳುವಷ್ಟರಲ್ಲಿ ಮೈಕಮ್ಮ, "ನೀರು ಬೇಕಾ ಕಂದಾ? ನೀರಾ? ತಗೋ ನೀರು" ಎಂದು ಲೋಟ ಬಾಯಿಗೆ ಹಿಡಿದಾಗಿರುತ್ತಿತ್ತು. ಹೀಗೆ ಸೇವೆ ನಡೆಯುತ್ತಿರುವಾಗ ಯಾವ ಜಾಣ ಮಗು ತಾನೇ ನಾಲಿಗೆ ನೋಯಿಸಿಕೊಳ್ಳುತ್ತದೆ?

ಮೈಕಮ್ಮನಿಗೆ ಒಂದು ಆಸೆ ಇತ್ತು. ಲೋಕದ ಎಲ್ಲ ವಿಷಯವನ್ನೂ ಮೂರು ಸಲ ಹೇಳುವ ಆಕೆ ಇದನ್ನು ಮಾತ್ರ ಯಾರಿಗೂ ಒಂದು ಸಲವೂ ಹೇಳಿರಲಿಲ್ಲ. ಬ್ಯಾಂಕಿನ ಗುಮಾಸ್ತ, ತರಕಾರಿ ಅಂಗಡಿಯವನು, ರಸ್ತೆ ದಾಟಿಸಲು ಬಂದ ಕಾಲೇಜು ಹುಡುಗಿ, ಎಲ್ಲರೂ ಆಕೆಯನ್ನು ಅಜ್ಜಿ ಎಂದು ಕರೆಯುತ್ತಿದ್ದರು, ಅದೂ ಕೇಳದೆಯೇ. ಹಾಗೆ ಕರೆಯುವ ಹಕ್ಕಿದ್ದವಳು ಜಗತ್ತಿನಲ್ಲಿ ಒಬ್ಬಳೇ. ಅವಳು ಬೆರಳು ತೋರಿಸುತ್ತಿದ್ದಳು. ತನಗೆ ಅರವತ್ತಮೂರು ದಾಟಿತು, ಆ ಒಂದು ಮಾತು ಕೇಳದೆಯೇ ಹೋಗಿಬಿಟ್ಟರೆ ಎಂದು ಆಕೆಗೆ ಆಗಾಗ ಎದೆ ಧಸಕ್ಕೆನ್ನುತ್ತಿತ್ತು. ಆಗೆಲ್ಲ ಇನ್ನಷ್ಟು ಜೋರಾಗಿ ಮಾತಾಡುತ್ತಿದ್ದಳು.

ಡಾಕ್ಟರು ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದರು. ಮೈಕಮ್ಮ ಆಕೆಗೆ ಇಟ್ಟ ಹೆಸರು ಆಟದ ಟೀಚರು. ಎರಡನೇ ಮಹಡಿಯ ಕೋಣೆ, ನೆಲದ ತುಂಬ ರಬ್ಬರಿನ ಮ್ಯಾಟು, ಮಕ್ಕಳ ಎತ್ತರದ ಕಪಾಟು. ಆಟದ ಸಾಮಾನೆಲ್ಲ ಬಿಗಿಯಾದ ಮುಚ್ಚಳದ ಪಾರದರ್ಶಕ ಡಬ್ಬಿಗಳಲ್ಲಿ. ಕಾಣುತ್ತದೆ, ಆದರೆ ಕೇಳದೆ ಸಿಗುವುದಿಲ್ಲ. ಮೈಕಮ್ಮ ಮೊದಲ ದಿನ ಬಂದವಳೇ ಒಂಬತ್ತು ಡಬ್ಬಿಗಳ ಮುಚ್ಚಳ ಸಡಿಲಿಸಿಟ್ಟಳು. ಪಾಪ, ಮಗುವಿಗೆ ತೆಗೆಯಲು ಬರುವುದಿಲ್ಲವಲ್ಲ ಎಂದು. ಟೀಚರು ಒಂಬತ್ತನ್ನೂ ಮತ್ತೆ ಬಿಗಿ ಮಾಡಿ, ಏನೂ ನಡೆಯದವರಂತೆ ನೆಲದ ಮೇಲೆ ಕೂತರು.

ಟೀಚರು ಗುಬ್ಬಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಂದು ಹಲಗೆಯನ್ನು ಇಳಿಜಾರಾಗಿ ಕಪಾಟಿಗೆ ಆನಿಸಿ, ಮೇಲೊಂದು ಆಟಿಕೆ ಬಸ್ಸಿಟ್ಟು, ಬೆರಳಿನಿಂದ ತಡೆಹಿಡಿದು, "ಒಂದು... ಎರಡು... ಮೂರು!" ಎಂದು ಬಿಟ್ಟರು. ಬಸ್ಸು ಜರ್ರನೆ ಇಳಿಯಿತು. ಗುಬ್ಬಿ ಕುಣಿದಳು. ಹೀಗೆ ಹತ್ತು ಸಲವಾದ ಮೇಲೆ ಟೀಚರು "ಒಂದು... ಎರಡು..." ಎಂದು ನಿಲ್ಲಿಸಿ, ಬಸ್ಸು ಬಿಡದೆ ಮಗುವಿನ ಮುಖ ನೋಡುತ್ತ ಕೂತರು. ಗುಬ್ಬಿ ಬಸ್ಸನ್ನು ನೋಡಿದಳು, ಟೀಚರನ್ನು ನೋಡಿದಳು.

"ಮೂರು!" ಎಂದಳು ಮೈಕಮ್ಮ.

"ಅಮ್ಮಾ, ಅದು ಗುಬ್ಬಿ ಹೇಳ್ಬೇಕಾದ್ದು," ಎಂದರು ಟೀಚರು. "ನಾನು ಬೇಕಂತ್ಲೇ ಜಾಗ ಖಾಲಿ ಬಿಟ್ಟಿದೀನಿ. ಅವಳು ಬಂದು ಕೂತ್ಕೊಳ್ಲಿ ಅಂತ."

"ಗೊತ್ತಾಯ್ತು, ಗೊತ್ತಾಯ್ತು. ಇನ್ನು ತುಟಿಪಿಟಕ್ ಅನ್ನಲ್ಲ."

ಮುಂದಿನ ಸಲವೂ "ಮೂರು" ಎಂದಳು. ಅದರ ಮುಂದಿನ ಸಲ ಕೈಯಿಂದ ಬಾಯಿ ಮುಚ್ಚಿಕೊಂಡು, ಬೆರಳ ಸಂದಿನಿಂದ ಎಂದಳು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಇದೆ, ಇದು ಹುಟ್ಟುಗುಣವೂ ಅಲ್ಲ, ಸಂಬಳಕ್ಕೆ ಕಲಿತದ್ದು. ಆದರೂ ಹೋಗಲಿಲ್ಲ.

ಆಗ ಟೀಚರು ಹೊರಗೆ ಹೋಗಿ ಒಂದು ಲೋಟ ನೀರು ತಂದರು. ಮೈಕಮ್ಮ ಕುಡಿಯಲು ಹೊರಟಳು. "ಕುಡೀಬೇಡಿ ಅಮ್ಮ. ಬಾಯಿ ತುಂಬ ತಗೊಂಡು ಹಾಗೇ ಇಟ್ಕೊಳ್ಳಿ. ಬಸ್ ಕೆಳಗೆ ಹೋದ್ಮೇಲೆ ನುಂಗಿ."

ಇಪ್ಪತ್ತೊಂಬತ್ತು ವರ್ಷ ಸಾವಿರಾರು ಜನರನ್ನು ಊರು ಸೇರಿಸಿದ ಬಾಯಿ ಹೀಗೆ ನೀರು ತುಂಬಿ ಗೋಡೆಗೊರಗಿ ಕೂತಿತು. ಕೆನ್ನೆ ಎರಡೂ ಉಬ್ಬಿ, ಕಣ್ಣು ಮಾತ್ರ ಮಾತಾಡುತ್ತಿದ್ದವು. ಗುಬ್ಬಿಗೆ ಈ ಹೊಸ ಅಜ್ಜಿ ಬಲು ಹಿಡಿಸಿದಳು. ಆಟದ ನಡುವೆ ಎದ್ದು ಬಂದು ಉಬ್ಬಿದ ಕೆನ್ನೆಯನ್ನು ಒಂದು ಬೆರಳಿನಿಂದ ಒತ್ತಿ ನೋಡಿ ಹೋಗುತ್ತಿದ್ದಳು.

ಬುಧವಾರ ಬುಧವಾರಕ್ಕೆ ಹೀಗೆ ನಾಲ್ಕು ವಾರ ನಡೆಯಿತು. ಐದನೆಯ ಬುಧವಾರ ಟೀಚರು "ಒಂದು... ಎರಡು..." ಎಂದು ನಿಂತಾಗ, ಗುಬ್ಬಿಯ ತುಟಿಗಳೆರಡೂ 'ಮೂ' ಎನ್ನಲು ಹೊರಟಂತೆ ಮೆಲ್ಲಗೆ ಒಂದಕ್ಕೊಂದು ಕೂಡಿಕೊಂಡವು. ಮೈಕಮ್ಮ ಅದನ್ನು ನೋಡಿದಳು. ಹೊರಡುವ ಬಸ್ಸಿನ ಬಾಗಿಲಲ್ಲಿ ಒಬ್ಬ ಪ್ರಯಾಣಿಕ ಒಂದು ಕಾಲಿಟ್ಟು ನಿಂತಿದ್ದಾನೆ, ಒಂದೇ ಒಂದು ಸಲ ಕೂಗಿದರೆ ಹತ್ತಿಬಿಡುತ್ತಾನೆ ಎಂದು ಆಕೆಗನ್ನಿಸಿರಬೇಕು. "ಮೂರು!" ಎಂದಳು. ನೀರಷ್ಟೂ ಟೀಚರ ಮುಖಕ್ಕೆ ಹೋಯಿತು.

ಗುಬ್ಬಿ ಬಿದ್ದು ಬಿದ್ದು ನಕ್ಕಳು. ತುಟಿ ಮತ್ತೆ ಕೂಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟೀಚರು ಟವೆಲಿನಿಂದ ಮುಖ ಒರೆಸಿಕೊಂಡು, "ಮುಂದಿನ ವಾರದಿಂದ ನೀವು ಹೊರಗೆ ಬೆಂಚಿನ ಮೇಲೆ ಕೂತ್ಕೊಳ್ಳಿ ಅಮ್ಮ," ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಮೈಕಮ್ಮನಿಗೆ ವಾದಿಸಲಾದರೂ ಒಂದು ದಾರಿಯಿರುತ್ತಿತ್ತು.

ಮನೆಯಲ್ಲಿ ಮಗಳು ಕೂಗಾಡಿದಳು. "ಅಮ್ಮಾ, ಜನ್ಮದಲ್ಲಿ ಒಂದೇ ಒಂದು ಸಲ ಸುಮ್ನಿರೋಕೆ ಆಗಲ್ವಾ ನಿಂಗೆ?" ಮೈಕಮ್ಮ ಸುಮ್ಮನೆ ಕೂತಳು. ಆ ಮನೆಯಲ್ಲಿ ಅಂಥ ಖಾಲಿ ಹೊತ್ತು ಹಿಂದೆಂದೂ ಬಂದಿರಲಿಲ್ಲ. ಮೂಲೆಯಲ್ಲಿ ಸ್ಕ್ರೂಡ್ರೈವರ್ ಒರೆಸುತ್ತಿದ್ದ ಅಳಿಯ ಗಂಟಲು ಸರಿಮಾಡಿಕೊಂಡ.

"ಬೈಬೇಡ ಬಿಡೆ," ಎಂದ ಹೆಂಡತಿಗೆ. "ಅತ್ತೆ ಧ್ವನಿ ಕೇಳಿಸದಿದ್ರೆ ಗುಬ್ಬಿ ನಿದ್ದೆನೇ ಮಾಡಲ್ಲ. ನೀನು ಯಾವತ್ತೂ ಗಮನಿಸಿಲ್ಲ. ನಾನು ನೋಡ್ತಾನೇ ಇರ್ತೀನಿ."

ನಾಲ್ಕು ವರ್ಷದಲ್ಲಿ ಅವನು ಅಷ್ಟುದ್ದ ಮಾತಾಡಿದ್ದನ್ನು ಮೈಕಮ್ಮ ಕೇಳಿರಲಿಲ್ಲ. ಅವನಿಗೂ ಆಡುವ ಮಾತಿತ್ತೆಂಬುದು ಆಕೆಗೆ ಆಗ ಹೊಳೆಯಿತು. ನಾಚಿಕೆಯಾಯಿತು.

ಆರನೆಯ ಬುಧವಾರ ಮೈಕಮ್ಮ ಮೊಮ್ಮಗಳ ಶೂ ಬಿಚ್ಚಿ, ಒಳಗೆ ಬಿಟ್ಟು, ಹೊರಗೆ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಅವಳಿ ಮಕ್ಕಳ ಅಪ್ಪನೊಬ್ಬ ತನ್ನ ಸರದಿಗೆ ಕಾಯುತ್ತಿದ್ದ. ಬಾಗಿಲು ಮುಚ್ಚಿತ್ತು, ಕಿಟಕಿ ಇರಲಿಲ್ಲ. ಆಯುಷ್ಯವೆಲ್ಲ ಕಾಣದವರಿಗೆ ಹೇಳುತ್ತ ಕೂತವಳು ಈಗ ಕಾಣದ್ದನ್ನು ಕೇಳುತ್ತ ಕೂತಿದ್ದಳು. ಬಸ್ಸು ಇಳಿದ ಸದ್ದು. ಗುಬ್ಬಿಯ ನಗು. "ಒಂದು... ಎರಡು..." ಎಂದು ಟೀಚರ ದನಿ. ಆಮೇಲೆ ಏನೂ ಇಲ್ಲ. ಮೈಕಮ್ಮ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮೂ!"

ಬಸ್ಸು ಜರ್ರನೆ ಇಳಿಯಿತು. ಮೈಕಮ್ಮ ಎದ್ದು ನಿಂತಳು. ತಾನು ಇಲ್ಲದ್ದರಿಂದಲೇ ಮಗುವಿಗೆ ಮಾತು ಬಂತಲ್ಲ ಎಂದು ಸಂಕಟವಾಯಿತು. ಅದೇ ಕ್ಷಣ ಸಂತೋಷಕ್ಕೆ ಕಣ್ಣು ತುಂಬಿತು. ಎರಡೂ ಒಟ್ಟಿಗೇ ಆದದ್ದರಿಂದ ಯಾವುದಕ್ಕೆ ಅಳಬೇಕೆಂದು ತಿಳಿಯಲಿಲ್ಲ. ಇನ್ನೊಂದು ನಿಮಿಷದಲ್ಲಿ ಬಾಗಿಲು ತೆರೆಯುತ್ತದೆ, ತೆರೆದೊಡನೆ ತಾನು ಬಾಯಿ ಬಿಡುತ್ತೇನೆ, ಬಿಟ್ಟರೆ ನಿಲ್ಲುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ನೆಟ್ಟಗೆ ಮೂಲೆಯ ನೀರಿನ ಫಿಲ್ಟರಿನ ಹತ್ತಿರ ಹೋಗಿ, ಯಾರೂ ಹೇಳದಿದ್ದರೂ, ಬಾಯಿ ತುಂಬ ನೀರು ತೆಗೆದುಕೊಂಡು ಬಂದು ಕೂತಳು.

ಗುಬ್ಬಿ ಬರಿಗಾಲಲ್ಲಿ ಹೊರಗೆ ಬಂದಳು. ನೆಲದ ಮೇಲೆ ಕೂತು ಕಾಲು ಮುಂದೆ ಚಾಚಿದಳು. ಶೂ ಮೈಕಮ್ಮನ ಮಡಿಲಲ್ಲಿತ್ತು. ಬೇರೆ ದಿನವಾಗಿದ್ದರೆ ಇಷ್ಟರಲ್ಲಿ ತೊಡಿಸಿ, ಮೆಟ್ಟಿಲೂ ಇಳಿದಾಗಿರುತ್ತಿತ್ತು. ಮೈಕಮ್ಮ ಕದಲಲಿಲ್ಲ. ಗುಬ್ಬಿ "ಊಂ" ಎಂದು ಬೆರಳು ತೋರಿಸಿದಳು. ಮೈಕಮ್ಮ ಕದಲಲಿಲ್ಲ. ಬಾಗಿಲಲ್ಲಿ ಬಂದು ನಿಂತ ಟೀಚರು ಆ ಕೆನ್ನೆಗಳನ್ನು ನೋಡಿ ಅಲ್ಲೇ ನಿಂತರು.

ಗುಬ್ಬಿ ಎದ್ದು ಹತ್ತಿರ ಬಂದು, ಉಬ್ಬಿದ ಕೆನ್ನೆಯನ್ನು ಬೆರಳಿನಿಂದ ಒತ್ತಿದಳು.

"ಅದ್ದಿ."

ಅಕ್ಷರ ಸರಿಯಿರಲಿಲ್ಲ, ಪ್ರಕಟಣೆ ಸ್ಪಷ್ಟವಾಗಿತ್ತು. ಬಾಯಲ್ಲಿ ನೀರಿದ್ದದ್ದರಿಂದ ಮೈಕಮ್ಮನಿಗೆ ಓಗೊಡಲಾಗಲಿಲ್ಲ. ನುಂಗಬಹುದಿತ್ತು. ನುಂಗಲಿಲ್ಲ. ಉತ್ತರ ಬಾರದ್ದನ್ನು ನೋಡಿ ಗುಬ್ಬಿ ದನಿ ಏರಿಸಿದಳು.

"ಅದ್ದೀ!"

"ಅಜ್ಜಿ, ಮಗು ಕರೀತಿದೆ ನೋಡಿ," ಎಂದ ಅವಳಿ ಮಕ್ಕಳ ಅಪ್ಪ. "ಕೇಳಿಸ್ತಿಲ್ವಾ ನಿಮಗೆ?" ಮೈಕಮ್ಮ ಅವನತ್ತ ಒಂದು ನೋಟ ಬೀರಿದಳು. ಅವನು ಬಾಯಿ ಮುಚ್ಚಿಕೊಂಡ. ಗುಬ್ಬಿ ಎರಡೂ ಕೈಗಳಿಂದ ಅಜ್ಜಿಯ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಇಡೀ ಮಹಡಿಗೆ ಕೇಳುವಂತೆ ಮೂರನೆಯ ಸಲ ಕರೆದಳು.

ಮೈಕಮ್ಮ ನೀರು ನುಂಗಿದಳು. "ಏನು ಕಂದಾ," ಎಂದಳು. ಮುಂದಕ್ಕೆ ಏನೂ ಹೇಳಲಿಲ್ಲ. ಗುಬ್ಬಿ ಮತ್ತೆ ಕೂತು ಕಾಲು ಚಾಚಿದಳು. ಅಜ್ಜಿ ಬಗ್ಗಿ, ಎಡಗಾಲಿನ ಶೂ ಬಲಗಾಲಿಗೂ ಬಲಗಾಲಿನದು ಎಡಗಾಲಿಗೂ ತೊಡಿಸಿದಳು. ಟೀಚರು ನೋಡಿದರು, ಹೇಳಲಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ಹಾಗೇ ಮನೆಯ ತನಕ ನಡೆದರು.