ಅದು ನರಿಯಲ್ಲ, ಹಂದಿ

ಬಡಿಗೆ ಹಿಡಿದು ಬಂದ ದೊಡ್ಡಪ್ಪನಿಗೆ ಅವ್ವ ಬಾಗಿಲು ಬಿಡಲೇ ಇಲ್ಲ. ಇವತ್ತು ನನ್ನ ಮೊಣಕಾಲಿಗೆ ಹಚ್ಚಲು ಹೆಂಡತಿ ಅರಿಶಿಣದ ಎಣ್ಣೆ ಕಾಯಿಸಿದಳು ನೋಡಿ, ಆ ವಾಸನೆಗೆ ಅದೇ ಬಾಗಿಲು ಕಣ್ಣ ಮುಂದೆ ಬಂತು.

ನಾನಾಗ ಚಿಕ್ಕವ. ತಿಳವಳ್ಳಿಯ ನಮ್ಮ ಗೋವಿನಜೋಳದ ಹೊಲದಿಂದ ನಾಯಿ ಕಾಳ್ಯಾ ತೊಡೆ ಹರಿದುಕೊಂಡು ಬಂದಿತ್ತು.

"ಹುಚ್ಚ ನರಿ ಕಡದೈತಿ. ನಾಳೆ ಇದಕ್ಕೂ ಹುಚ್ಚ ಹಿಡಿತೈತಿ. ಹೊಡದ ಹಾಕೂದ ಚಲೋ," ಎಂದ ದೊಡ್ಡಪ್ಪ.

ನಾನು ನಾಯಿಯ ಹಿಂದೆ ಅಡಗಿದ್ದೆ. ಕಾಯುವ ಕೆಲಸ ಅದರದೇ ಅಲ್ಲವೇ!

ಬಾಗಿಲಿಗೆ ಅಡ್ಡ ಕೂತು ನಾಯಿಯ ಗಾಯಕ್ಕೆ ಅರಿಶಿಣದ ಎಣ್ಣೆ ಹಚ್ಚುತ್ತಿದ್ದ ಅವ್ವ, ಹಿಂದೊಮ್ಮೆ ಕುಡುಗೋಲು ಕೊಯ್ದಿದ್ದ ತನ್ನ ಅಂಗೈ ಚಾಚಿದಳು.

"ನೋಡ್ರಿ ಭಾವಾರ, ಕಡದಿದ್ರ ಹಲ್ಲಿನ ತೂತು ಇರ್ತಿದ್ವು. ಇದು ನನ್ನ ಕೈಯಾಗಿನ ಗಾಯದಂಗ ಒಂದ ಸೀಳು, ಕೆಳಗಿಂದ ಮ್ಯಾಲ. ಕಾಡಹಂದಿ ಕ್ವಾರಿಹಲ್ಲಿಲೆ ಸೀಳೈತಿ."

"ನಿನ್ನ ಮಾತು ತಪ್ಪಾದ್ರ?"

"ಮೊದಲ ನನಗ ಕಡೀಲಿ. ಬಡಿಗಿ ಹೊರಗಿಟ್ಟು ಬರ್ರಿ, ಚಾ ಕುಡೀರಿ."

ಕಾಳ್ಯಾ ಬದುಕಿತು. ಅದಕ್ಕೆ ಹುಚ್ಚೂ ಹಿಡಿಯಲಿಲ್ಲ, ಯಾರನ್ನೂ ಕಡಿಯಲಿಲ್ಲ. ದೊಡ್ಡಪ್ಪ ಕಂಡರೆ ಮಾತ್ರ ತಾನು ಸಾಯುವವರೆಗೂ ಬೊಗಳಿತು. ನಾವ್ಯಾರೂ ಸುಮ್ಮನಿರು ಅನ್ನಲಿಲ್ಲ.

ಇನ್ನೂ ಹೇಳುವುದಿತ್ತು, ಒಳಗಿಂದ ಹೆಂಡತಿ ಕೂಗುತ್ತಿದ್ದಾಳೆ: "ರೊಟ್ಟಿ ಆರಾಕತ್ತಾವು, ಬರ್ರಿ! ಇಲ್ಲಾಂದ್ರ ನಿಮ್ಮ ಪಾಲು ನಾಯಿಗೆ ಹಾಕ್ತೇನಿ."